ಮಂಗಗಳು ಮಲಗುವ ಮರ
ಮುಂಡಾಜೆಯ ಹೊಳೆಬದಿಯಲ್ಲಿ ನಾನು ಮಂಗಗಳ ಗಣತಿ ಮಾಡುತ್ತಿದ್ದಾಗ, ತೆಂಗಿನ ತೋಟದ ಯಜಮಾನರೊಬ್ಬರು ದಿನವೂ ಕರೆದು ಚಹಾ ಕೊಡುತ್ತಿದ್ದರು. ಮಂಗಗಳು ಕಚ್ಚಿ ಬಿಸಾಡಿದ ಎಳೆಗಾಯಿಗಳು ಅವರ ಅಂಗಳದಲ್ಲಿ ರಾಶಿಬಿದ್ದಿರುತ್ತಿದ್ದವು. ಒಂದು ದಿನ ಅವರು ಕೇಳಿದರು, "ಇವು ರಾತ್ರಿ ಮಲಗುವುದು ಎಲ್ಲಿ ಮೇಡಂ? ನಿಮಗೆ ಗೊತ್ತುಂಟಲ್ಲ?"

ನನ್ನ ಕೆಲಸದಲ್ಲಿ ಒಬ್ಬರಿಗಾದರೂ ಆಸಕ್ತಿ ಇದೆಯಲ್ಲ ಎಂದು ನಾನು ಹಿಗ್ಗಿದೆ. ಅವರನ್ನು ಕರೆದುಕೊಂಡು ಹೋಗಿ, ಹೊಳೆಗೆ ಬಾಗಿದ್ದ ದೊಡ್ಡ ಧೂಪದ ಮರವನ್ನು ತೋರಿಸಿದೆ.

ಮುಂದಿನ ವಾರ ಹೋದಾಗ ಮರದ ಬುಡದಲ್ಲಿ ಬಾಳೆಹಣ್ಣಿನ ಸಿಪ್ಪೆಗಳು ಚೆಲ್ಲಿದ್ದವು. ಮಂಗಗಳು ನೀರಿನತ್ತ ತೆವಳಿ ಹೋಗಿ ಮರಳಿನ ಮೇಲೆ ಸತ್ತುಬಿದ್ದಿದ್ದವು. ಒಂದು ಮರಿಗೆ ಮಾತ್ರ ಇನ್ನೂ ಉಸಿರಿತ್ತು. ಎತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಅದೂ ಹೋಯಿತು.

ನೇರವಾಗಿ ಯಜಮಾನರ ಮನೆಗೆ ಹೋಗಿ, "ವಿಷ ಇಟ್ಟದ್ದು ನೀವಾ?" ಎಂದು ಕೇಳಿದೆ.

ಅವರು ಅಲ್ಲವೆನ್ನಲಿಲ್ಲ. "ಮತ್ತೆಂಥ ಮಾಡುವುದು ಮಾರಾಯ್ರೆ? ಈ ವರ್ಷ ಒಂದು ಕಾಯಿಯೂ ಮನೆಯೊಳಗೆ ಬರಲಿಲ್ಲ. ನೀವು ಲೆಕ್ಕ ಬರೆದುಕೊಂಡು ಹೋಗ್ತೀರಿ. ನಾವು ಇಲ್ಲೇ ಇರಬೇಕಲ್ಲ?"

ಅರಣ್ಯ ಕಚೇರಿಗೆ ಹೋಗಿ ದೂರು ಕೊಟ್ಟೆ. ಅಲ್ಲಿದ್ದವರು ಬರೆಯುತ್ತಾ ಬರೆಯುತ್ತಾ ತಲೆಯೆತ್ತಿ, ಆ ಮರ ಯಜಮಾನರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು.

"ನಾನೇ ತೋರಿಸಿದ್ದು" ಎಂದೆ. ಅದನ್ನೂ ಬರೆದುಕೊಂಡರು.