ಪರ್ಷಿಯನ್ ಮರಿಗಳಿಗೆ ಮೆಣಸಿನಕಾಯಿ ಹೊಗೆ

ದೃಷ್ಟಿ ತಾಗಿ ಏನೋ ಆಯಿತು ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಕ್ತಲದ ನಮ್ಮ ಓಣಿಯವರಿಗೆ ಇದು ಗೊತ್ತು. ನಾನು ಬಂದರೆ ಮಾತು ಬದಲಿಸುತ್ತಾರೆ.

ನಮ್ಮ ತೆಲಂಗಾಣ ಬೇರೆ ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತು. ಪರ್ಷಿಯನ್ ಬೆಕ್ಕಿನ ಎರಡು ಮರಿ ಬೇಕೆಂದು ನಾನು ಯಜಮಾನರಿಗೆ ಗಂಟು ಬಿದ್ದಿದ್ದೆ. ಓಣಿ ತುಂಬ ಬೆಕ್ಕು ಪುಕ್ಕಟೆ ತಿರುಗುವಾಗ ಬೆಂಗಳೂರಿಂದ ಯಾಕೆ ತರಬೇಕು ಎಂದು ಅತ್ತೆ ಕೇಳಿದ್ದರು. ಆದರೂ ತರಿಸಿದೆ. ರಾತ್ರಿಯೆಲ್ಲ ರೈಲಿನಲ್ಲಿ ಬಂದ ಮರಿಗಳನ್ನು ಗದ್ವಾಲ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳಲು ಪರಿಚಯದ ಆಟೋ ಮಾಡಿಕೊಂಡು ನಾನೇ ಹೋದೆ. ಒಂದು ಬೂದಿ ಬಣ್ಣದ್ದು, ಒಂದು ಬಿಳಿಯದು. ಜುರಾಲ ಡ್ಯಾಮು ದಾಟುವಾಗ ಬಿಳಿಯದು ಬುಟ್ಟಿಯ ಸಂದಿಯಿಂದ ನನ್ನ ಬೆರಳು ನೆಕ್ಕಿತು. ಆಗಲೇ ಅದು ನನ್ನದಾಯಿತು.

ಮರಿ ಮಾರಿದವರು ಫೋನಿನಲ್ಲಿ ಒತ್ತಿ ಹೇಳಿದ್ದರು: ಚಪ್ಪಟೆ ಮೂಗು, ಉಸಿರು ಸೂಕ್ಷ್ಮ, ಹೊಗೆ ಧೂಳು ತಾಗಬಾರದು, ಒಂದು ದಿನ ಸದ್ದಿಲ್ಲದ ಕೋಣೆಯಲ್ಲಿ ಬಿಡಬೇಕು. ಅದನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿದ್ದೆ. ಎಲ್ಲರೂ ಹೂಂ ಅಂದಿದ್ದರು. ಹೂಂ ಅನ್ನುವುದಕ್ಕೆ ಏನು ಖರ್ಚು?

ಮನೆ ಮುಂದೆ ಆಟೋ ನಿಂತಾಗ ಅರ್ಧ ಓಣಿ ಅಲ್ಲಿ ನೆರೆದಿತ್ತು. ಒಬ್ಬಳು ಬುಟ್ಟಿಯೊಳಗೆ ಇಣುಕಿ, ಇವುಗಳ ಮೂಗಿನ ಮೇಲೆ ಯಾರು ಗುದ್ದಿದರು ಎಂದಳು. ಇನ್ನೊಬ್ಬಳು ಬಾಲ ಎಳೆದು ನೋಡಿದಳು. ಹೊಸ ಕರು ತಂದಾಗ ಮಾಡುವಂತೆ ಅತ್ತೆ ಹೊಸ್ತಿಲಲ್ಲಿ ನಿಂತು ಎರಡಕ್ಕೂ ವಿಭೂತಿ ಹಚ್ಚಿದರು. ಅಷ್ಟಕ್ಕೆ ಬಿಟ್ಟಿದ್ದರೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಇಷ್ಟು ಮಂದಿಯ ಕಣ್ಣು ಬಿದ್ದಿದೆ ಎಂದು ಒಳಗಿನಿಂದ ಕೆಂಡ ತರಿಸಿದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು.

ನಮ್ಮ ಕಡೆ ಒಂದು ನಂಬಿಕೆ ಇದೆ. ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಜೋರಾಗಿ ತಾಗಿದೆ ಎಂದರ್ಥ. ಹಿತ್ತಲ ಬಾಗಿಲು ತೆರೆದಿತ್ತು. ಗಾಳಿ ಅತ್ತೆಯ ಬೆನ್ನ ಹಿಂದಿನಿಂದ ಬಂದು ಹೊಗೆಯನ್ನೆಲ್ಲ ನನ್ನ ಕೈಯಲ್ಲಿದ್ದ ಬುಟ್ಟಿಗೆ ತುಂಬುತ್ತಿತ್ತು. ಅವರ ಮೂಗಿಗೆ ಘಾಟು ಎಲ್ಲಿಂದ ಬರಬೇಕು?

"ಘಾಟೇ ಬರವಲ್ದು ನೋಡ್ರಿ. ದೃಷ್ಟಿ ಭಾಳ ಐತಿ," ಎಂದು ಇನ್ನೊಂದು ಹಿಡಿ ಹಾಕಿದರು.

ನಾನು ಏನು ಮಾಡಿದೆ? ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು, ಬುಟ್ಟಿಯನ್ನು ನೆಟ್ಟಗೆ ಹಿಡಿದು ನಿಂತೆ. ಓಣಿಯವರ ಎದುರಿಗೆ ಸೊಸೆ ಅತ್ತೆಯ ಕೈ ತಡೆದಳು ಅನ್ನಿಸಿಕೊಳ್ಳಬಾರದಲ್ಲ. ಯಜಮಾನರು ಆಟೋದವನ ಜೊತೆ ಹರಟುತ್ತಿದ್ದರು.

ಬಿಳಿಯದು ಬಾಯಿ ತೆರೆದು ಉಸಿರೆಳೆಯತೊಡಗಿತು. ನಾಲಿಗೆ ನೀಲಿಗಟ್ಟಿತ್ತು. ಬೂದಿಯದನ್ನು ಯಜಮಾನರ ಕೈಗೆ ತುರುಕಿ, ಬಿಳಿಯದನ್ನು ಎದೆಗವಚಿಕೊಂಡು ಅದೇ ಆಟೋದಲ್ಲಿ ನಾರಾಯಣಪೇಟೆಯ ಪಶು ಆಸ್ಪತ್ರೆಗೆ ಹೊರಟೆ. ಅರ್ಧ ದಾರಿಯಲ್ಲಿ ಅದರ ಹೊಟ್ಟೆ ಏಳುವುದು ನಿಂತಿತು. ಆದರೂ ಆಟೋ ತಿರುಗಿಸಲು ಹೇಳಲಿಲ್ಲ. ನಾರಾಯಣಪೇಟೆಯವರೆಗೂ ಹೋಗಿ, ಸತ್ತ ಮರಿಯನ್ನು ಡಾಕ್ಟರಿಗೆ ತೋರಿಸಿ ಬಂದೆ.

ಮನೆಯಲ್ಲಿ ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ದೃಷ್ಟಿಯೇ ಕೊಂದಿತಂತೆ, ಪಾಪ, ಅತ್ತೆ ಕೈಲಾದದ್ದು ಮಾಡಿದರಂತೆ. ಅತ್ತೆ ನಿಜವಾಗಿಯೂ ಅಳುತ್ತಿದ್ದರು. ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಬೂದಿ ಮರಿಯಿದ್ದ ಕೋಣೆಗೆ ಅವರು ಮತ್ತೆ ಕೆಂಡ ಹಿಡಿದು ಬಂದರು.

"ಇದನ್ನರೆ ಉಳಿಸ್ಕೋಬೇಕಲ್ಲವ್ವ," ಎಂದರು.

"ಬ್ಯಾಡ್ರಿ ಅತ್ತಿ," ಎಂದೆ. ಅವರು ಮುಂದೆ ಬಂದರು. ಮೂಲೆಯಲ್ಲಿದ್ದ ಕೊಡ ಎತ್ತಿ ನೀರನ್ನು ಕೆಂಡದ ಮೇಲೆ ಸುರಿದುಬಿಟ್ಟೆ.

ಸೊಸೆ ಮನೆಯ ಕೆಂಡ ನಂದಿಸಿದಳೆಂದು ಓಣಿಯೆಲ್ಲ ಆಡಿಕೊಂಡಿತು. ಅತ್ತೆ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಆಕಾಶವೇನೂ ಕಳಚಿ ಬೀಳಲಿಲ್ಲ. ಬ್ಯಾಡ್ರಿ ಅನ್ನುವ ಆ ಒಂದು ಮಾತನ್ನು ಹಿಂದಿನ ದಿನ ಹೊಸ್ತಿಲಲ್ಲೇ ಅಂದಿದ್ದರೂ ಇಷ್ಟೇ ಆಗುತ್ತಿತ್ತು. ಬಿಳಿಯದು ಬದುಕಿರುತ್ತಿತ್ತು.