ಯಾರೂ ಬಾರದ ಹೆರಿಗೆ ವಾರ್ಡು

ಅವು ಯುದ್ಧದ ವರ್ಷಗಳು. ಸೀಮೆಎಣ್ಣೆಗೂ ಚೀಟಿ, ಸಕ್ಕರೆಗೂ ಚೀಟಿ. ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ತರಗತಿಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಹಾಸನದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನಮ್ಮ ತಂದೆಯನ್ನು, ಮಗಳನ್ನು ಅಷ್ಟೊಂದು ಯಾಕೆ ಓದಿಸುತ್ತೀರಿ ಎಂದು ನೆಂಟರು ಕೇಳಿದಾಗಲೆಲ್ಲ ಅವರು, "ಓದ್ತೀನಿ ಅಂತಾಳೆ, ಓದ್ಲಿ ಬಿಡಿ" ಎಂದು ಮಾತು ತಿರುಗಿಸುತ್ತಿದ್ದರು.

ಎರಡನೆಯ ವರ್ಷ ಪ್ರಬಂಧ ಬರೆಯಬೇಕಿತ್ತು. ನಮ್ಮ ಪ್ರೊಫೆಸರರಿಗೆ ಪುಸ್ತಕ ನೋಡಿಕೊಂಡು ಬರೆದ ಪ್ರಬಂಧವೆಂದರೆ ಆಗುತ್ತಿರಲಿಲ್ಲ. "ನಿಮ್ಮ ನಿಮ್ಮ ಜಿಲ್ಲೆಗೆ ಹೋಗಿ. ಜನ ಒದ್ದಾಡುತ್ತಿರುವ ಒಂದು ತೊಂದರೆ ಹಿಡಿದುಕೊಳ್ಳಿ. ಅದಕ್ಕೇನು ಮಾಡಬಹುದು ಅಂತ ಬರೆಯಿರಿ" ಎಂದರು. ಹಾಸನದ ಕಡೆಯವರು ನಾವು ಮೂವರಿದ್ದೆವು. ಚನ್ನರಾಯಪಟ್ಟಣದವನು ತನ್ನ ತಾಲ್ಲೂಕಿನ ಮಕ್ಕಳು ಮೂರನೇ ಕ್ಲಾಸಿಗೇ ಸ್ಕೂಲು ಬಿಡುವುದು ಯಾಕೆ ಎಂಬುದನ್ನು ತೆಗೆದುಕೊಂಡ. ಇನ್ನೊಬ್ಬ ರಾಮನಾಥಪುರದ ಹೊಗೆಸೊಪ್ಪಿನ ವ್ಯಾಪಾರ ನೋಡಲು ಹೋದ. ನನಗೆ ಪ್ರೊಫೆಸರರು ಮೇಜಿನ ಮೇಲಿದ್ದ ಒಂದು ಕಾಗದ ಕೊಟ್ಟು, "ಇದಕ್ಕೆ ಹೆಂಗಸೇ ಹೋಗಬೇಕು" ಎಂದರು.

ಕಾಗದ ಬರೆದವರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಊರಿನ ವ್ಯಾಪಾರಿ. ಊರಿನ ಹೆಸರು ಬೇಡ. ಅವರು ತಮ್ಮ ಊರಿನಲ್ಲಿ ನಾಲ್ಕು ಮಂಚದ ಒಂದು ಹೆರಿಗೆ ವಾರ್ಡು ಕಟ್ಟಿಸಿದ್ದರು. ತರಬೇತಾದ ನರ್ಸನ್ನೂ ಕರೆಸಿದ್ದರು. ಎರಡು ವರ್ಷವಾದರೂ ಒಬ್ಬ ಬಸುರಿಯೂ ಅದರೊಳಗೆ ಕಾಲಿಟ್ಟಿರಲಿಲ್ಲ. ಯಾಕೆಂದು ತಿಳಿದವರು ಯಾರಾದರೂ ಬಂದು ಹೇಳಿದರೆ ಉಪಕಾರವಾಗುತ್ತದೆ ಎಂದು ಬರೆದಿದ್ದರು.

ಹೊಳೆನರಸೀಪುರದವರೆಗೆ ರೈಲು, ಅಲ್ಲಿಂದ ಮುಂದೆ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸು. ಏರು ಬಂದಾಗಲೆಲ್ಲ ನಾವೆಲ್ಲ ಇಳಿದು ನಡೆದೆವು. ವಾರ್ಡಿನ ಹಿಂದಿನ ಎರಡು ಕೋಣೆಗಳಲ್ಲಿ ನರ್ಸಮ್ಮ ಒಬ್ಬರೇ ಇದ್ದರು, ನಾನು ಅವರ ಜೊತೆ ಉಳಿದುಕೊಂಡೆ. ನಲವತ್ತರ ಆಸುಪಾಸಿನ, ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಪಳಗಿದ ಹೆಂಗಸು. ಮಾಡಲು ಕೆಲಸವಿಲ್ಲದೆ ಅಂಗಳದ ತುಂಬ ಅವರೆ, ಹೀರೆ ಬೆಳೆಸಿದ್ದರು.

"ದಿನಾ ಹಾಸಿಗೆ ಕೊಡವ್ತೀನಿ, ದಿನಾ ನೆಲ ಒರೆಸ್ತೀನಿ. ಯಾರಿಗೆ ಅಂತ?" ಎಂದರು.

ಗೋಡೆಗೆ ಬೆಳ್ಳನೆಯ ಸುಣ್ಣ. ಮುಂಬಾಗಿಲ ಮೇಲೆ ಒಂದು ಕರಿಕಲ್ಲು. ಅದರಲ್ಲಿ ವ್ಯಾಪಾರಿಯ ಮಗಳ ಹೆಸರು, ಅದರ ಕೆಳಗೆ, ಪ್ರಸವಕಾಲದಲ್ಲಿ ಶಿವೈಕ್ಯಳಾದ ಮಗಳ ನೆನಪಿಗೆ ಎಂಬ ಸಾಲು. ನಾನು ಓದಿ, ಅಯ್ಯೋ ಪಾಪ ಎಂದುಕೊಂಡು ಒಳಗೆ ಹೋದೆ.

ಮಾರನೆಯ ದಿನ ವ್ಯಾಪಾರಿಯನ್ನು ಕಂಡೆ. ಹಣೆ ತುಂಬ ವಿಭೂತಿ, ಕಮ್ಮಿ ಮಾತು. ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳಂತೆ. ನೋವು ಶುರುವಾಗಿ ಒಂದು ಹಗಲು ಕಳೆದರೂ ಮಗು ಇಳಿಯಲಿಲ್ಲ. "ಅವತ್ತು ಬಸ್ಸು ಕೆಟ್ಟು ನಿಂತಿತ್ತು ತಾಯಿ. ಗಾಡಿ ಕಟ್ಟಿಸ್ದೆ. ಮಳೆ ಬಂದು ದಾರಿಯೆಲ್ಲ ಕೆಸರು. ಹೊಳೆನರಸೀಪುರ ಇನ್ನೂ ಎರಡು ಮೈಲಿ ಇರೋವಾಗ ಗಾಡಿಯಲ್ಲೇ ಹೋಗ್ಬಿಟ್ಳು. ನಮ್ಮೂರಲ್ಲೇ ಒಂದು ಆಸ್ಪತ್ರೆ ಇದ್ದಿದ್ರೆ ಉಳೀತಿದ್ಳು ಅಂತ ಕಟ್ಟಿಸ್ದೆ. ಯಾರೂ ಬರೋದಿಲ್ಲ. ನಮ್ಮ ಜನಕ್ಕೆ ನನ್ನ ಮೇಲೆ ಏನಾದ್ರೂ ಕೋಪವಾ, ನೀವೇ ಕೇಳಿ."

ಅವರ ಹೆಂಡತಿ, ಬಸುರಿ ಸೊಸೆಯನ್ನು ಹಿಂದಿಟ್ಟುಕೊಂಡು, ನಡುಮನೆಯ ಬಾಗಿಲ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಹಾಲಿನ ಲೋಟ ತಂದು ನನ್ನ ಮುಂದಿಟ್ಟರು.

ಎರಡು ವಾರ ನಾನು ಮನೆಮನೆ ತಿರುಗಿದೆ. ಹೊಗೆಸೊಪ್ಪು ಹೆಣೆಯುವ ಚಪ್ಪರಗಳಿಗೆ ಹೋದೆ, ರಾಗಿ ಬೀಸುವವರ ಎದುರು ಕೂತೆ, ಹರಿಜನರ ಕೇರಿಯಲ್ಲೂ ಮನೆ ಬಿಡಲಿಲ್ಲ. ಎಲ್ಲ ಕಡೆಯೂ ಮರ್ಯಾದೆಯಿಂದ ಮಾತಾಡಿಸಿದರು, ಬೆಲ್ಲ ನೀರು ಕೊಟ್ಟರು. ವಾರ್ಡಿನ ಮಾತು ತೆಗೆದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಸಬೂಬು. ಅತ್ತೆ ಒಪ್ಪುವುದಿಲ್ಲ, ಮನೆಯಲ್ಲಿ ದನ ನೋಡುವವರಿಲ್ಲ, ಮಂಚ ಎತ್ತರ, ಬಿದ್ದರೆ ಏನು ಗತಿ. ಒಬ್ಬಾಕೆ ಮಾತ್ರ ಕೇಳಬೇಕಾದ ಮಾತು ಕೇಳಿದಳು. "ಅಲ್ಲಿ ಬಾಣಂತಿಗೆ ನೀರುಯ್ಯೋರ್ಯಾರವ್ವಾ? ಅಂಡೆ ಎಲ್ಲೈತೆ, ಒಲೆ ಎಲ್ಲೈತೆ?"

ಅದು ನಿಜವಾಗಿತ್ತು. ವಾರ್ಡಿನಲ್ಲಿ ಗಾಜಿನ ಬೀರು ಇತ್ತು, ಬಿಸಿನೀರಿನ ಬಚ್ಚಲು ಇರಲಿಲ್ಲ. ಕಟ್ಟಿಸಿದವರೂ ಗಂಡಸರು, ನಕ್ಷೆ ಬರೆದವರೂ ಗಂಡಸರು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ಆದರೆ ಬಚ್ಚಲಿಲ್ಲವೆಂದು ಒಬ್ಬಳೂ ಬಾರದೆ ಇರುತ್ತಾಳೆಯೆ?

"ಇದೆಲ್ಲ ಆ ಸೂಲಗಿತ್ತಿ ಮಾಡಿರೋದು" ಎಂದರು ನರ್ಸಮ್ಮ. "ತನ್ನ ಕಸುಬು ಹೋಗತ್ತೆ ಅಂತ ಊರಿನ ಕಿವಿ ಊದಿದ್ದಾಳೆ." ನನಗೂ ಅದೇ ಸರಿ ಅನ್ನಿಸಿತು. ಪ್ರಬಂಧಕ್ಕೆ ಹೇಳಿ ಮಾಡಿಸಿದಂಥ ಕಾರಣ. ನಾಲ್ಕು ಕಟುವಾದ ಮಾತು ಮನಸ್ಸಿನಲ್ಲೇ ಜೋಡಿಸಿಕೊಂಡು ಅವಳ ಗುಡಿಸಲಿಗೆ ಹೋದೆ.

ಅವಳು ಬಿಸಿಲಿನಲ್ಲಿ ಕೂತು ಕಾಲಿಗೆ ಹರಳೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಬೆರಳುಗಳು ಸೊಟ್ಟಗಾಗಿದ್ದವು. "ಅಜ್ಜಿ, ಆಸ್ಪತ್ರೆಗೆ ಹೋಗಬೇಡಿ ಅಂತ ಹೇಳ್ತಿರೋದು ನೀವೇನಾ?" ಎಂದು ನೇರವಾಗಿ ಕೇಳಿದೆ.

ಅವಳು ಸಿಟ್ಟಾಗಲಿಲ್ಲ. "ನಾನ್ಯಾಕ್ ಬ್ಯಾಡ ಅನ್ಲವ್ವಾ? ಈ ಕೈ ನೋಡು. ಮಗ ಇಡ್ಕೊಳ್ಳಾಕೆ ಆಯ್ತದಾ? ಬಸುರೀರು ಬಂದು ಕರುದ್ರೆ ನಂಗೇ ಎದೆ ಒಡ್ಕೊತದೆ. ಅಲ್ಲಿಗೋಗಿ ಅಂತ ನಾನೇ ಎಷ್ಟ್ ಜನಕ್ಕೆ ಯೋಳಿವ್ನಿ."

"ಮತ್ತೆ ಯಾಕೆ ಹೋಗೋದಿಲ್ಲ?"

ಮುದುಕಿ ಸುತ್ತ ನೋಡಿ ದನಿ ತಗ್ಗಿಸಿದಳು. "ನೀನು ಓದ್ದೋಳು. ಬಾಗ್ಲು ಮ್ಯಾಲಿರೋ ಕಲ್ಲು ಓದ್ಲಿಲ್ವಾ? ಎರಿಗೇಲಿ ಸತ್ತೋಳ ಎಸ್ರು ಐತೆ ಅದ್ರಾಗೆ. ದಿನ ತುಂಬ್ದೋಳು ಆ ಎಸ್ರಿನ ಕೆಳಗೆ ನುಗ್ಗಿ ಒಳೀಕ್ಕೋಗ್ತಾಳಾ? ಓದಾಕ್ ಬರ್ದೆ ಇದ್ರೂ ಅದ್ರಾಗೆ ಏನ್ ಬರ್ದೈತೆ ಅಂತ ಕೂಸ್ಗೂ ಗೊತ್ತು ಕಣವ್ವಾ."

ಎರಡು ವಾರದಿಂದ ದಿನಕ್ಕೆ ನಾಲ್ಕು ಸಲ ಆ ಬಾಗಿಲಲ್ಲಿ ಓಡಾಡಿದ್ದೆ.

"ಕಟ್ಟಿಸಿದ ಯಜಮಾನರಿಗೆ ಯಾರೂ ಹೇಳಲಿಲ್ವಾ?"

"ಯಾರ್ ಯೋಳ್ತಾರೆ? ಆ ಮಗ ನನ್ ಮುಂದೇನೇ ನರಳ್ತು. ಗಾಡಿ ಕಟ್ಸಿ ಅಂದೋಳೇ ನಾನು. ಆವಪ್ಪನ ಮಕ ನೋಡ್ಕೊಂಡು, ನಿನ್ ಮಗಳ ಎಸ್ರು ಕಿತ್ತಾಕು ಅಂತ ಯಾವ ಬಾಯಲ್ಲಿ ಯೋಳೋದು?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾರಣ ಸಿಕ್ಕಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ. ಮೂರು ದಿನ ಮೈ ಸರಿಯಿಲ್ಲವೆಂದು ಕೋಣೆಯಲ್ಲೇ ಉಳಿದೆ. ನಾಲ್ಕನೆಯ ದಿನ, ಯಜಮಾನರು ಅರಕಲಗೂಡಿನ ಸಂತೆಗೆ ಹೋಗಿರುವ ಹೊತ್ತು ನೋಡಿಕೊಂಡು, ಅವರ ಹೆಂಡತಿಯ ಹತ್ತಿರ ಹೋಗಿ ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಅವರು ಹೆಸರುಕಾಳು ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ನಂಗೂ ಗೊತ್ತಿತ್ತು ಕಣವ್ವಾ. ಕಲ್ಲು ಇಡ್ಸಿದ್ ದಿನಾನೇ ಗೊತ್ತಿತ್ತು. ಅವರು ಅದನ್ನ ದಿನಾ ಬೆಳಿಗ್ಗೆ ಹೋಗಿ ಒರೆಸಿ ಬರ್ತಾರೆ. ಹೆಂಗೆ ಹೇಳ್ಲಿ?" ಎಂದರು. ಆಮೇಲೆ ಮೊರ ಕೆಳಗಿಟ್ಟು, "ಸಾಯಂಕಾಲ ಬಾ. ನೀನು ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ" ಎಂದರು.

ಸಂಜೆ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಯಜಮಾನರು ಎದ್ದು ನಿಂತರು. ಮುಖ ಕೆಂಪಾಗಿತ್ತು. "ನನ್ನ ಮಗಳು ದೆವ್ವವಾ? ಇರುವೆ ತುಳಿಯೋಕೂ ಹೆದರ್ತಿದ್ದ ಮಗು ಅದು. ಅವಳು ಬಂದು ಬಸುರೀರನ್ನ ಹಿಡ್ಕೋತಾಳಾ? ಇದನ್ನ ಹೇಳೋಕೆ ಮೈಸೂರಿಂದ ಬಂದ್ರಾ ನೀವು? ನಾಳೆ ಬಸ್ಸಿಗೆ ಹೊರಡಿ ತಾಯಿ, ಸಾಕು."

ನಾನು ಎದ್ದೆ. ಅಷ್ಟರಲ್ಲಿ ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿದರು. ಗಂಡನ ಎದುರು ಅವರು ದನಿಯೆತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆ ಹುಡುಗೀನ ಯಾಕೆ ಬಯ್ತೀರಿ? ಊರೆಲ್ಲ ಬಾಯಿ ಮುಚ್ಕೊಂಡಿತ್ತು, ನಾನೂ ಮುಚ್ಕೊಂಡಿದ್ದೆ. ನಮ್ ಮಗಳನ್ನ ಯಾರೂ ದೆವ್ವ ಅಂದಿಲ್ಲ. ಹೆದರ್ಕೊಂಡವ್ರೆ, ಅಷ್ಟೇ. ಅವಳನ್ನ ಹೊಟ್ಟೇಲಿ ಹೊತ್ಕೊಂಡಾಗ ನಾನೂ ಹೆದರಿದ್ದೆ. ಅದು ನಿಮಗೆ ಗೊತ್ತಾಗೋದಿಲ್ಲ. ಕಲ್ಲು ಬೇಕೋ, ನಾಲ್ಕು ಜನ ಉಳಿಯೋದು ಬೇಕೋ, ಯೋಚ್ನೆ ಮಾಡಿ."

ಯಜಮಾನರು ಮೆಟ್ಟು ಹಾಕಿಕೊಂಡು ಹೊರಟುಹೋದರು. ಆ ರಾತ್ರಿ ನಾನು ಪೆಟ್ಟಿಗೆ ಕಟ್ಟಿಟ್ಟುಕೊಂಡೆ.

ಬೆಳಿಗ್ಗೆ ಬಸ್ಸಿಗೆ ಹೊರಡುವಾಗ ವಾರ್ಡಿನ ಮುಂಬಾಗಿಲಲ್ಲಿ ಯಜಮಾನರು ನಿಂತಿದ್ದರು. ಪಕ್ಕದಲ್ಲಿ ಗಾರೆಯವನು ಏಣಿ ಇಟ್ಟುಕೊಂಡಿದ್ದ. ಯಜಮಾನರು ನನ್ನ ಪೆಟ್ಟಿಗೆ ನೋಡಿ, "ಒಳಗಿಡಿ ತಾಯಿ" ಎಂದರು. ಉಳಿ ಮೊದಲ ಸಲ ಕಲ್ಲಿಗೆ ತಾಗಿದಾಗ ಮುಖ ಆಚೆ ತಿರುಗಿಸಿಕೊಂಡರು. ಕೆಳಗಿಳಿಸುವಾಗ ಮಾತ್ರ, "ನಿಧಾನ, ನಿಧಾನ, ಮೂಲೆ ಮುಕ್ಕಾಗಬಾರದು" ಎನ್ನುತ್ತ ತಾವೇ ಕೈ ಕೊಟ್ಟರು. ಅವರ ತೋಟದಲ್ಲಿ ಮಗಳ ಸಮಾಧಿ ಇತ್ತು. ಕಲ್ಲನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಅಲ್ಲಿಗೆ ಒಯ್ದರು. ನಾನು ಜೊತೆಗೆ ಹೋಗಲಿಲ್ಲ.

ಮುಂದಿನ ವಾರ ವಾರ್ಡಿನ ಹಿಂದೆ ಬಚ್ಚಲು ಎದ್ದಿತು. ದೊಡ್ಡ ತಾಮ್ರದ ಹಂಡೆ, ಒಲೆ, ಬಾಣಂತಿ ಕೂರಲು ಅಗಲವಾದ ಮಣೆ. ನೀರು ಹುಯ್ಯಲು ಸೂಲಗಿತ್ತಿಯನ್ನೇ ಕರೆಯೋಣ ಎಂದೆ. ನರ್ಸಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡರು. ಆಮೇಲೆ, "ಸೋಪು ಹಾಕಿ ಕೈ ತೊಳೆದ ಮೇಲೇ ಮಗು ಮುಟ್ಟಬೇಕು, ಹೇಳಿಬಿಡಿ" ಎಂದು ಒಪ್ಪಿದರು. ಮುದುಕಿ ಸೋಪನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಘಮ ಅಂತದಲ್ಲವ್ವಾ, ತೊಳ್ಕೊಂಡ್ರಾಯ್ತು" ಎಂದಳು.

ಆದರೂ ಯಾರೂ ಬರಲಿಲ್ಲ. ಒಂದು ತಿಂಗಳಾಯಿತು. ಭಯ ಕಲ್ಲಿನ ಜೊತೆ ಗಾಡಿ ಹತ್ತಿ ಹೋಗುವುದಿಲ್ಲ ಎಂದು ಆಗ ಗೊತ್ತಾಯಿತು. ನನ್ನ ರಜೆ ಮುಗಿಯುತ್ತ ಬಂದಿತ್ತು.

ಒಂದು ಬೆಳಿಗ್ಗೆ ಯಜಮಾನರ ಹೆಂಡತಿ ತಮ್ಮ ಸೊಸೆಯ ಕೈ ಹಿಡಿದುಕೊಂಡು ವಾರ್ಡಿಗೆ ನಡೆದು ಬಂದರು. ಸೊಸೆಗೆ ಅದು ಎರಡನೆಯ ಹೆರಿಗೆ, ನೋವು ಶುರುವಾಗಿತ್ತು. ಬೇಕೆಂದೇ ಗಾಡಿ ಕಟ್ಟಿಸದೆ, ಊರ ನಡುವಿನ ಬೀದಿಯಲ್ಲಿ, ಎಲ್ಲರೂ ನೋಡುವ ಹಾಗೆ, ನಿಂತು ನಿಂತು ಬಂದಿದ್ದರು. ಹೊಸಲಿನ ಹತ್ತಿರ ಸೊಸೆ ನಿಂತುಬಿಟ್ಟಳು. ಹಣೆಯ ಮೇಲೆ ಬೆವರು.

"ನಂಗೆ ಭಯ ಆಯ್ತದೆ ಅತ್ತೆ."

"ನಂಗೂ ಆಯ್ತದೆ. ಇಬ್ರೂ ಒಟ್ಟಿಗೇ ಹೋಗನ ಬಾ" ಎಂದು ಅತ್ತೆ ಅವಳ ಸೊಂಟ ಬಳಸಿ ಹಿಡಿದು ಒಳಗೆ ಕಾಲಿಟ್ಟರು.

ಎತ್ತರದ ಮಂಚ ಹತ್ತಲು ಅವಳು ಒಪ್ಪಲಿಲ್ಲ. ನರ್ಸಮ್ಮ ವಾದ ಮಾಡದೆ ನೆಲದ ಮೇಲೆ ಹಾಸಿಗೆ ಹಾಸಿದರು. ಯಜಮಾನರು ಹೊರಗೆ ಬೇವಿನ ಮರದ ಕೆಳಗೆ ಕೂತರು, ಎದ್ದರು, ಮತ್ತೆ ಕೂತರು. ನಾನು ಒಲೆಗೆ ಸೌದೆ ಒಟ್ಟುವ ಕೆಲಸ ಹಿಡಿದುಕೊಂಡೆ, ಒಳಗಿನ ಕೂಗು ಅಲ್ಲಿಗೆ ಸ್ವಲ್ಪ ಕಮ್ಮಿ ಕೇಳಿಸುತ್ತಿತ್ತು. ಬೀದಿಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ಬೇಲಿಯಾಚೆ ನಿಂತರು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮಗು ಅತ್ತಿತು. ಮುದುಕಿ ಬಾಗಿಲಿಗೆ ಬಂದು ಬೇಲಿಯವರಿಗೆಲ್ಲ ಕೇಳುವಂತೆ, "ಎಣ್ಣು ಮಗ! ತಾಯೂ ಚೆನ್ನಾಗವ್ಳೆ!" ಎಂದು ಕೂಗಿದಳು. ಯಜಮಾನರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದರು.

ಆ ಮಧ್ಯಾಹ್ನ ಹಂಡೆ ತುಂಬ ನೀರು ಕಾಯಿತು. ಮುಂದಿನ ವಾರ ಹರಿಜನ ಕೇರಿಯಿಂದ ಒಬ್ಬಳು ಬಂದಳು. ಅವಳು ಇರುವ ಕಡೆ ನಾವಿರುವುದಿಲ್ಲ ಎಂದು ಮೇಲಿನ ಬೀದಿಯವರು ಕೆಲವರು ತಿರುಗಿ ಹೋದರು. ಅದು ಬೇರೆಯೇ ಕಥೆ, ಒಂದು ಬಚ್ಚಲು ಕಟ್ಟಿ ಮುಗಿಸುವಂಥದ್ದಲ್ಲ. ನರ್ಸಮ್ಮ ಮಾತ್ರ ಒಂದು ಹಾಸಿಗೆಯನ್ನೂ ಬೇರೆ ಮಾಡಲಿಲ್ಲ. ಬಂದವರು ಬಂದರು, ಬಾರದವರು ಬರಲಿಲ್ಲ.

ಪ್ರಬಂಧ ಬರೆಯಲು ಕೂತಾಗ ನಾನು ಬಚ್ಚಲಿನ ಬಗ್ಗೆ ಬರೆದೆ, ಮಂಚದ ಎತ್ತರದ ಬಗ್ಗೆ ಬರೆದೆ, ಸೂಲಗಿತ್ತಿಯನ್ನು ಜೊತೆಗೆ ಸೇರಿಸಿಕೊಳ್ಳಬೇಕೆಂದು ಬರೆದೆ. ಕಲ್ಲಿನ ವಿಷಯ ಬರೆಯಲಿಲ್ಲ. ಒಬ್ಬ ತಂದೆಯ ಆ ಸಂಜೆಯನ್ನು ಪರೀಕ್ಷಕರ ಮುಂದಿಡುವುದು ನನ್ನಿಂದಾಗಲಿಲ್ಲ. ಪ್ರೊಫೆಸರರು ಓದಿ ಮುಗಿಸಿ, "ಎರಡು ವರ್ಷ ಬಾರದವರು ಬರೀ ಬಚ್ಚಲು ನೋಡಿ ಬಂದರೇನಮ್ಮ?" ಎಂದು ಕೇಳಿದರು.

"ಒಬ್ಬ ಅತ್ತೆ ಸೊಸೆಯನ್ನು ಕರೆದುಕೊಂಡು ಬಂದರು ಸಾರ್" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪ್ರಬಂಧ ಮಡಿಸಿ ಪಕ್ಕಕ್ಕಿಟ್ಟರು. ಎರಡನೆಯ ದರ್ಜೆ ಬಂತು.

ಯುದ್ಧ ಮುಗಿದ ಮೇಲೆ ಒಮ್ಮೆ ಹಾಸನದ ರೈಲ್ವೆ ಸ್ಟೇಷನ್ನಿನಲ್ಲಿ ನರ್ಸಮ್ಮ ಸಿಕ್ಕಿದರು. ಔಷಧಿ ಪೆಟ್ಟಿಗೆ ಬಿಡಿಸಿಕೊಳ್ಳಲು ಬಂದಿದ್ದರು, ಬಹಳ ಅವಸರದಲ್ಲಿದ್ದರು. "ಅವರೆ ಗಿಡಕ್ಕೆ ನೀರು ಹಾಕೋಕೂ ಪುರಸೊತ್ತಿಲ್ಲ ಮಾರಾಯ್ತಿ, ಎಲ್ಲ ಒಣಗಿಹೋಯ್ತು" ಎಂದು ದೂರಿದರು. ಅಷ್ಟು ಸಂತೋಷದಿಂದ ದೂರಿದವರನ್ನು ನಾನು ಮತ್ತೆ ಕಂಡಿಲ್ಲ. ಹೊಳೆನರಸೀಪುರದ ಕಡೆಯ ರೈಲು ಸಿಳ್ಳೆ ಹಾಕಿತು, ಪೆಟ್ಟಿಗೆಯ ಒಂದು ಕಡೆ ನಾನು ಹಿಡಿದುಕೊಂಡೆ, ಇಬ್ಬರೂ ಪ್ಲಾಟ್‌ಫಾರಮ್ಮಿನಲ್ಲಿ ಓಡಿದೆವು.