ಜೂನ್ ಒಂದರಂದು ಹುಟ್ಟದ ತೀರ್ಥಮ್ಮ

ತಪ್ಪು ನನ್ನದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಜ್ಜಂಪುರದ ಆಚೆ, ಸರ್ಕಾರಿ ದನಗಳು ಮೇಯುವ ಕಾವಲು ಎಂಬ ಹುಲ್ಲುಗಾವಲಿಗೆ ಅಂಟಿಕೊಂಡ ಒಂದು ಹಳ್ಳಿಯಲ್ಲಿ ಇಪ್ಪತ್ತು ವರ್ಷ ನಾನೊಬ್ಬನೇ ಮೇಷ್ಟ್ರು. ಶಾಲೆಗೆ ಸೇರಿಸಲು ಬಂದವರನ್ನು ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, ಆ ಸಲ ರಾಗಿ ಚೆನ್ನಾಗಿ ಬಂದಿತ್ತು ಎನ್ನುತ್ತಿದ್ದರು. ರಿಜಿಸ್ಟರಿನಲ್ಲಿ ರಾಗಿಗೆ ಕಾಲಂ ಇರಲಿಲ್ಲ. ಐದು ವರ್ಷ ತುಂಬುವ ಹಾಗೆ ನೋಡಿಕೊಂಡು ಎಲ್ಲರಿಗೂ ಜೂನ್ ಒಂದು ಎಂದು ಬರೆಯುತ್ತಿದ್ದೆ. ವಯಸ್ಸು ಸ್ವಲ್ಪ ಕಡಿಮೆಯಾದರೆ ಮುಂದೆ ಸರ್ಕಾರಿ ಕೆಲಸದಲ್ಲಿ ಅಷ್ಟು ಹೆಚ್ಚು ದಿನ ಸರ್ವೀಸು ಎಂಬ ದೂರಾಲೋಚನೆ ಬೇರೆ.

ಹಾಗೆ ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಸೇರಿದವಳು ತೀರ್ಥಮ್ಮ. ಅಪ್ಪ ಸಣ್ಣಬೀರಪ್ಪ ಕಾವಲಿನಲ್ಲಿ ದನ ಕಾಯುವ ನೌಕರ. ಹುಡುಗಿ ಒಂದನೇ ಕ್ಲಾಸಿನಲ್ಲಿ ಕೂತು ಮೂರನೆಯವರ ಲೆಕ್ಕ ಮಾಡುತ್ತಿದ್ದಳು. ಧಾರಾಳ ಮನಸ್ಸಿನಿಂದ ಎರಡನೇ ಕ್ಲಾಸನ್ನೇ ಹಾರಿಸಿಬಿಟ್ಟೆ.

ಐದನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಪ್ಪನಿಗೆ ಬುತ್ತಿ ಕೊಟ್ಟು ಕಾವಲಿನಿಂದ ನೇರ ನನ್ನ ಹತ್ತಿರ ಬಂದಳು. ದನದ ಡಾಕ್ಟರು ಅಡ್ಡ ಸಿಕ್ಕಿಕೊಂಡಿದ್ದ ಕರುವನ್ನು ಎಳೆದು ಉಳಿಸಿದ್ದನ್ನು ಆಗಷ್ಟೇ ಕಣ್ಣಾರೆ ಕಂಡಿದ್ದಳು.

"ಮೇಷ್ಟ್ರೇ, ದನಕ್ಕೆ ಡಾಕ್ಟ್ರು ಬತ್ತಾರೆ. ನಮ್ಮವ್ವ ನನ್ನ ಹೆರೋವಾಗ ಎರಡು ದಿನ ನೋವು ತಿಂದ್ಲಂತೆ. ಆಗ್ಯಾಕೆ ಬರ್ಲಿಲ್ಲ?"

"ಜನಕ್ಕೆ ಡಾಕ್ಟ್ರು ತರೀಕೆರೇಲಿ ಅವ್ರೆ ಕಣವ್ವ."

"ಹಂಗಾರೆ ನಾನೇ ಆಯ್ತೀನಿ ಬಿಡಿ," ಎಂದು ಹೊರಟುಹೋದಳು. ನಾನು ನಕ್ಕೆ. ಅವಳು ನಗಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಶಿವಮೊಗ್ಗದಲ್ಲಿ ಪಿಯುಸಿ ಮುಗಿಸಿ, ಮೆಡಿಕಲ್ ಸೀಟು ಬರುವಷ್ಟು ಮಾರ್ಕ್ಸ್ ತೆಗೆದಳು. ಊರಿಗೆಲ್ಲ ಸಕ್ಕರೆ ಹಂಚಿದವನು ನಾನು. ಹಂಚಿದ ಕೈ ತೊಳೆಯುವ ಮೊದಲೇ ಅರ್ಜಿ ವಾಪಸ್ಸು ಬಂತು. ಡಿಸೆಂಬರ್ ಕೊನೆಗೆ ಹದಿನೇಳು ತುಂಬಿರಬೇಕು, ದಾಖಲೆಯ ಪ್ರಕಾರ ಐದು ತಿಂಗಳು ಸಾಲದು. ತಿಂಗಳೊಳಗೆ ಕೋರ್ಟಿನ ಆದೇಶ ತಂದರೆ ಸರಿ, ಇಲ್ಲವಾದರೆ ಸೀಟು ಬೇರೆಯವರಿಗೆ. ಮುಂದಿನ ವರ್ಷ ನೋಡೋಣ ಎನ್ನುವ ಹಾಗೂ ಇರಲಿಲ್ಲ. ಮನೆಗೆ ಆಗಲೇ ಗಂಡಿನ ಕಡೆಯವರು ಬಂದು ಹೋಗಿದ್ದರು. ಓದು ನಿಂತರೆ ಮದುವೆ ಎಂದು ಅವಳ ತಾಯಿ ದ್ಯಾಮಮ್ಮ ಮಾತು ಕೊಟ್ಟಿದ್ದಳು.

ನನಗೆ ಅನ್ನ ಸೇರದಾಯಿತು. ಸಣ್ಣಬೀರಪ್ಪ ಮಾತ್ರ ಸಮಾಧಾನವಾಗಿ ಎಲೆಅಡಿಕೆ ಹಾಕಿಕೊಂಡು ಹೇಳಿದ, "ಅವಳು ಹುಟ್ಟಿದ್ದು ಬರೆದೈತೆ ಮೇಷ್ಟ್ರೇ. ಅವತ್ತೇ ಕಾವಲಿನ ಹಸ ಕರಿಗಂಗೆ ಈದಿದ್ದು. ನಾನಿರ್ಲಿಲ್ಲ ಅಂತ ಗುಮಾಸ್ತರು ದಫ್ತರದಾಗೆ ನನ್ ಮ್ಯಾಲೆ ಬರ್ಕಂಡ್ರು."

ಕಾವಲಿನ ಕಚೇರಿಗೆ ಓಡಿದೆವು. ಅಲ್ಲಿ ಪ್ರತಿಯೊಂದು ಕರುವಿಗೂ ನಂಬರು, ತಾಯಿ, ತಂದೆ, ಹುಟ್ಟಿದ ಹೊತ್ತು ಎಲ್ಲ ಇತ್ತು. ಕರಿಗಂಗೆಯ ಹೋರಿಗರು, ಇಪ್ಪತ್ತೆರಡು ಅಕ್ಟೋಬರ್ ಅರವತ್ತೆರಡು. ಷರಾದಲ್ಲಿ ಹೀಗಿತ್ತು: 'ಸಮಯಕ್ಕೆ ನೌಕರ ಸಣ್ಣಬೀರಪ್ಪ ಗೈರುಹಾಜರಿ. ಬೆಳಗ್ಗೆ ಹೆಂಡತಿಗೆ ಹೆರಿಗೆ, ಹೆಣ್ಣು ಮಗು ಎಂದು ಸಬೂಬು.' ಆ ದೂರು ಬರೆದ ಗುಮಾಸ್ತರಿಗೆ ನಾನು ಮನಸ್ಸಿನಲ್ಲೇ ಸಾಷ್ಟಾಂಗ ಹಾಕಿದೆ.

ತರೀಕೆರೆ ಕೋರ್ಟಿಗೆ ಆ ದಪ್ಪ ದಫ್ತರ ಬಂತು. ಕಟಕಟೆಯಲ್ಲಿ ನಿಂತು, ತಾರೀಕು ನಾನೇ ಅಂದಾಜಿನಲ್ಲಿ ಬರೆದದ್ದು ಎಂದು ಒಪ್ಪಿಕೊಂಡೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೋಗಿದ್ದೆ. ಮುನ್ಸೀಫರು ನನ್ನ ಶಾಲೆಯ ರಿಜಿಸ್ಟರಿನ ಹಾಳೆ ತಿರುಗಿಸುತ್ತ ಹೋದರು. ಎಲ್ಲ ಜೂನ್ ಒಂದು.

"ಮೇಷ್ಟ್ರೇ, ನಿಮ್ಮ ಹುಟ್ಟಿದ ದಿನ ಯಾವುದು?"

"ಜೂನ್ ಒಂದು, ಸ್ವಾಮಿ," ಎಂದೆ. ಸುಳ್ಳಲ್ಲ. ನನ್ನ ಮೇಷ್ಟ್ರೂ ನನ್ನಂಥವರೇ.

ಕೋರ್ಟಿಗೆ ಕೋರ್ಟೇ ನಕ್ಕಿತು. ಮುನ್ಸೀಫರು ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. ಆಮೇಲೆ ದಫ್ತರದ ಷರಾವನ್ನು ಎರಡು ಸಲ ಓದಿಸಿ, ತೀರ್ಥಮ್ಮನ ಪರವಾಗಿ ಆದೇಶ ಕೊಟ್ಟರು. ನನಗೆ ಇಲಾಖೆಯಿಂದ ಒಂದು ಎಚ್ಚರಿಕೆಯ ಕಾಗದ ಬಂತು, ಅಷ್ಟೇ. ತೀರ್ಥಮ್ಮ ಬೀರೂರಿನಲ್ಲಿ ರೈಲು ಹತ್ತಿ ಮೈಸೂರಿಗೆ ಓದಲು ಹೋದಳು. ದ್ಯಾಮಮ್ಮ ಗಂಡಿನವರಿಗೆ ತಾನೇ ಹೋಗಿ ಬೇಡವೆಂದು ಹೇಳಿ ಬಂದಳು.

ಎಂಬತ್ತಾರರಲ್ಲಿ ಅವಳು ಲಿಂಗದಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಡಾಕ್ಟರಾಗಿ ಬಂದಳು. ನನ್ನ ಮಗಳು ಸಾವಿತ್ರಮ್ಮನನ್ನು ಕೊಟ್ಟಿದ್ದು ಅದೇ ಊರಿಗೆ. ಎರಡನೇ ಬಸುರಿನಲ್ಲಿ ಅವಳಿಗೆ ದಿನಕ್ಕೆ ಮುಂಚೆಯೇ ನೋವು ಬಂದು, ಮಗು ಅಡ್ಡವಾಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಗಾಡಿಯಲ್ಲಿ ಆಸ್ಪತ್ರೆಗೆ ತಂದರು. ಸುದ್ದಿ ಕೇಳಿ ನಾನು, ಜೊತೆಗೆ ಸಣ್ಣಬೀರಪ್ಪ, ಸಿಕ್ಕಿದ ಬಸ್ಸು ಹಿಡಿದು ಬಂದೆವು. ಜಗಲಿಯ ಮೇಲೆ ಕೂತಾಗ ನನ್ನ ಜೀವ ಕೈಯಲ್ಲಿತ್ತು.

ಮಧ್ಯಾಹ್ನ ಬಾಗಿಲು ತೆರೆದು ತೀರ್ಥಮ್ಮ ಹೊರಗೆ ಬಂದಳು. ಮೊಣಕೈವರೆಗೆ ಒದ್ದೆ, ಮುಖದ ತುಂಬ ಬೆವರು.

"ಮೇಷ್ಟ್ರೇ, ಮಗು ತಿರುಗಿಸಿ ತಗೊಂಡೆ. ಸಾವಿತ್ರಕ್ಕನೂ ಚೆನ್ನಾಗವ್ಳೆ. ಒಳಗೆ ಬನ್ನಿ."

ನಾನು, ಐವತ್ತು ದಾಟಿದ ಮೇಷ್ಟ್ರು ಎಲ್ಲರೆದುರಿಗೆ ಹೋ ಎಂದು ಅತ್ತುಬಿಟ್ಟೆ, ಸಂತೋಷಕ್ಕೆ. ಸಣ್ಣಬೀರಪ್ಪ ನನ್ನ ತೋಳು ಹಿಡಿದು ಎಬ್ಬಿಸಿದ. ಮಗಳ ಕಡೆ ನೋಡಿ, "ಈ ಸಲ ಡಾಕ್ಟ್ರು ಇದ್ರು ಅಂತ ನಿಮ್ಮವ್ವಂಗೆ ಹೇಳ್ತೀನಿ ಕಣವ್ವ," ಎಂದ.